ಕಿವಿಗೆ ಹಿಡಿದು ಕೊಂಡ ಗ್ರಾಫಿಕ್ಸ್ ಕಾರ್ಡು

೨೦೦೬ನೆಯ ಇಸವಿ ಅಕ್ಟೋಬರ್ ಒಂದನೆಯ ತಾರೀಖು, ಭಾನುವಾರ, ಶಿಡ್ಲಘಟ್ಟದ ವೆಂಕಟರವಣಪ್ಪನವರ ಮನೆಯಲ್ಲಿ ಮೊದಲನೆಯ ಆಘಾತ ಸಂಭವಿಸಿತು. ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಸಂಘಮಿತ್ರ ತನಗೊಂದು ಕಂಪ್ಯೂಟರ್ ಬೇಕೆಂದಳು. ಅದು ಆಘಾತವಲ್ಲ. ಯಾತಕ್ಕೆಂದು ಕೇಳಿದಾಗ, ಲೋಕದ ಸಕಲ ಮಕ್ಕಳಂತೆ ‘ಓದಕ್ಕೆ’ ಎನ್ನದೆ, ನಿಜವನ್ನೇ ನುಡಿದುಬಿಟ್ಟಳು.

“ಗೇಮ್ ಆಡಕ್ಕೆ ಅಪ್ಪ. ನವೆಂಬರ್ ನಾಕಕ್ಕೆ ಕಾಲೇಜಲ್ಲಿ ಪಂದ್ಯ ಐತೆ. ಅವರವರ ಕಂಪ್ಯೂಟರ್ ಅವರವರೇ ತರ್ಬೇಕು. ಹೆಸರು ಕೊಟ್ಟಿರೋ ಹುಡುಗಿ ನಾನೊಬ್ಳೇ. ಈಗ ಹಿಂದಕ್ಕೆ ಸರಿದ್ರೆ ಆ ಹುಡುಗ್ರು ನಗೋ ನಗು ನಾನು ಪಾಸಾಗಿ ಹೋಗೋವರ್ಗೂ ನಿಲ್ಲಲ್ಲ.”

“ಏನಾಟಮ್ಮ ಅದು?”

“ಬಂದೂಕು ಹಿಡ್ಕೊಂಡು ಎದುರಿಗೆ ಬಂದೋರ್ನೆಲ್ಲ ಹೊಡೆಯೋದು.”

ವೆಂಕಟರವಣಪ್ಪನವರು ಕಾಫಿ ಲೋಟವನ್ನು ಕೆಳಗಿಟ್ಟರು. (ಕೈಬಿಟ್ಟರೆಂಬುದೇ ವಾಸ್ತವ.) “ಶಾಂತಿ ಸಾರೋಳಾಗಲಿ ಅಂತ ಸಂಘಮಿತ್ರ ಅಂತ ಹೆಸರಿಟ್ರೆ, ಬಂದೂಕು ಕೇಳ್ತೀಯಲ್ಲೇ!”

“ಪರದೆ ಮೇಲೆ ಹೊಡೀತಾಳೆ ಕಣ್ರೀ, ನಿಮ್ಮನ್ನೇನಲ್ಲ,” ಎಂದು ಧರ್ಮಪತ್ನಿ ಗಂಗುಲಮ್ಮ ಒಳಗಿನಿಂದ ತೀರ್ಪಿತ್ತರು. “ಕೊಡಿಸ್ರೀ ಸುಮ್ನೆ.”

ಒಪ್ಪಿಗೆಯಾಯಿತು. ಆದರೆ ಎರಡು ಷರತ್ತುಗಳು. ಒಟ್ಟು ಖರ್ಚು ಇಪ್ಪತ್ತೈದು ಸಾವಿರವನ್ನು ಮೀರಕೂಡದು; ಒಂದೊಂದು ಭಾಗವನ್ನೂ ಸ್ವತಃ ವೆಂಕಟರವಣಪ್ಪನವರೇ ಪರೀಕ್ಷಿಸಿ ಆರಿಸತಕ್ಕದ್ದು.

ಎರಡನೆಯ ಷರತ್ತಿಗೆ ಕಾರಣವಿತ್ತು. ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದದ್ದು ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ನೂಲು ತೆಗೆಯುವವರ ಪರವಾಗಿ ಗೂಡನ್ನು ಆರಿಸಿಕೊಡುವ ಕಾಯಕದಲ್ಲಿ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಗೂಡನ್ನು ಎತ್ತಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ಒಳಗೆ ಹುಳು ಲೊಟಲೊಟನೆ ಸದ್ದು ಮಾಡಿದರೆ ಅದು ಜೀವಂತ ಗೂಡು; ಸದ್ದಿಲ್ಲವೆಂದರೆ ಹುಳು ಒಳಗೇ ಸತ್ತು ಗೋಡೆಗೆ ಅಂಟಿದೆ ಎಂದರ್ಥ. ಆ ಕಿವಿ ಒಂದು ದಿನವೂ ತಪ್ಪಿದ್ದಿಲ್ಲ. ಹೀಗಾಗಿ ಸೃಷ್ಟಿಯ ಸಮಸ್ತ ವಸ್ತುಗಳನ್ನೂ ಅವರು ಕಿವಿಯಿಂದಲೇ ಅಳೆಯತೊಡಗಿದ್ದರು. ೧೯೮೨ರ ಜನವರಿ ೧೪ರಂದು ಕೊಂಡ ಫ್ಲಾಸ್ಕು, ೧೯೮೯ರ ಟೇಬಲ್ ಫ್ಯಾನು, ಕಾಲಕಾಲಕ್ಕೆ ತಂದ ಬಲ್ಬುಗಳು, ಎಲ್ಲವೂ ಅಲ್ಲಾಡಿಸಿ ಆರಿಸಿದವೇ. ಒಂದೂ ಕೆಟ್ಟದ್ದು ಬರಲಿಲ್ಲವೆಂಬುದು ಅವರ ಪರಮ ಹೆಮ್ಮೆ.

ಅಕ್ಟೋಬರ್ ಏಳು, ಶನಿವಾರ, ಮೂವರೂ ಚಿಕ್ಕಬಳ್ಳಾಪುರದ ಕಂಪ್ಯೂಟರ್ ಅಂಗಡಿಯನ್ನು ಪ್ರವೇಶಿಸಿದರು. ಅಂಗಡಿಯ ಮಾಲೀಕ ನರಸಿಂಹಮೂರ್ತಿ ವಿನಯವಂತ. ಆ ವಿನಯವನ್ನೇ ವೆಂಕಟರವಣಪ್ಪನವರು ಮೊದಲು ಅನುಮಾನಿಸಿದರು.

“ಅಪ್ಪ, ಕ್ಯಾಬಿನೆಟ್ ಅಗ್ಗದ್ದು ಸಾಕು, ಮಾನಿಟರ್ ಹಳೇದಾದ್ರೂ ಸರಿ,” ಎಂದಳು ಸಂಘಮಿತ್ರ. “ಗ್ರಾಫಿಕ್ಸ್ ಕಾರ್ಡು ಮಾತ್ರ ಒಳ್ಳೇದಿರ್ಬೇಕು. ಅದು ಸರಿಯಿಲ್ದಿದ್ರೆ ಚಿತ್ರ ತಡೆದು ತಡೆದು ಬರ್ತದೆ. ನಾನು ತಿರುಗೋದ್ರಲ್ಲಿ ಅವರು ನನ್ನ ಹೊಡೆದಾಕಿರ್ತಾರೆ.”

ಕಾರ್ಡಿನ ಬೆಲೆ ಏಳು ಸಾವಿರವೆಂದು ತಿಳಿದಾಗ ವೆಂಕಟರವಣಪ್ಪನವರು ಕುರ್ಚಿ ಕೇಳಿ ಕುಳಿತರು. ಅಂಗೈಯಗಲದ ಹಲಗೆ, ಅದರ ನೆತ್ತಿಯ ಮೇಲೊಂದು ಪುಟ್ಟ ಫ್ಯಾನು. ಇದಕ್ಕೆ ಏಳು ಸಾವಿರ!

ಸುಧಾರಿಸಿಕೊಂಡು ಪರೀಕ್ಷೆಗೆ ತೊಡಗಿದರು. ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು ಇನ್ನೇನು ಅಲ್ಲಾಡಿಸಬೇಕು, ನರಸಿಂಹಮೂರ್ತಿ ಹಸುಗೂಸನ್ನು ಕಸಿದುಕೊಳ್ಳುವವನಂತೆ ಧಾವಿಸಿ ಬಂದ.

“ಸಾರ್! ಸಾರ್! ಅದನ್ನ ಅಲ್ಲಾಡಿಸಬಾರ್ದು!”

“ಹಂಗಾದ್ರೆ ಒಂದು ಕತ್ತರಿಸಿ ತೋರ್ಸಪ್ಪ. ಮಾರ್ಕೆಟ್ಟಲ್ಲಿ ಅನುಮಾನ ಬಂದ್ರೆ ಒಂದು ಗೂಡು ಕತ್ತರಿಸಿ ಒಳಗೆ ನೋಡ್ತೀವಿ.”

ನರಸಿಂಹಮೂರ್ತಿ ಅದನ್ನು ಎರಡೂ ಕೈಗಳಿಂದ ಎದೆಗವಚಿಕೊಂಡ. ಹಾರ್ಡ್ ಡಿಸ್ಕು ಅಪರೀಕ್ಷಿತವಾಗಿಯೇ ಉಳಿಯಿತು. ಆ ಅಸಮಾಧಾನವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ತಿರುಗಿತು. ಸೀಲು ಮಾಡಿದ ಒಂದು ಡಬ್ಬಿಯನ್ನೆತ್ತಿ ಅಲ್ಲಾಡಿಸಿದರು. ನಿಶ್ಶಬ್ದ. ಎರಡನೆಯದೂ ನಿಶ್ಶಬ್ದ.

“ಎಲ್ಲಾ ಸತ್ತಿರೋ ಮಾಲು,” ಎಂದು ಘೋಷಿಸಿ, ಮೇಜಿನ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಡಬ್ಬಿಗೆ ಕೈ ಹಾಕಿದರು. ಅದು ಲೊಟಲೊಟ ಎಂದಿತು. ಅವರ ಮುಖ ಅರಳಿತು. “ಇದರಲ್ಲಿ ಜೀವ ಐತೆ! ಇದನ್ನೇ ಕೊಡು.”

“ಅದು ಕಂಪನಿಗೆ ವಾಪಸ್ ಕಳಿಸಕ್ಕೆ ಇಟ್ಟಿರೋದು ಸಾರ್. ಅದರ ಫ್ಯಾನು…”

“ಗೊತ್ತು ಕಣಯ್ಯ. ಒಳ್ಳೇ ಮಾಲನ್ನ ಮೂಲೇಲಿ ಬಚ್ಚಿಡೋದು ನಾನು ಕಾಣದ ವ್ಯಾಪಾರವಾ?”

ಸಂಘಮಿತ್ರ ಬಾಯಿ ತೆರೆಯುವಷ್ಟರಲ್ಲಿ ಗಂಗುಲಮ್ಮ ಅವಳ ತೋಳನ್ನು ಚಿವುಟಿದರು. “ಕೊಡಪ್ಪ, ಅವರು ಕೇಳಿದ್ದೇ ಕೊಡು,” ಎಂದರು ಅಂಗಡಿಯವನಿಗೆ. “ನೀವು ಬಸ್ಸು ವಿಚಾರಿಸಿ, ನಾವು ಕಟ್ಟಿಸ್ಕೊಂಡು ಬರ್ತೀವಿ,” ಎಂದರು ಪತಿಗೆ. ವೆಂಕಟರವಣಪ್ಪನವರು ಹಣ ಕೊಟ್ಟು, ಎದೆ ಸೆಟೆಸಿ, ಬಸ್ ನಿಲ್ದಾಣದತ್ತ ನಡೆದರು.

ಮನೆಯಲ್ಲಿ ಸಂಘಮಿತ್ರ ತಾನೇ ಭಾಗಗಳನ್ನು ಜೋಡಿಸಿದಳು. ಕಂಪ್ಯೂಟರು ಅದ್ಭುತವಾಗಿ ಓಡಿತು. ಪರದೆಯ ಮೇಲೆ ಶತ್ರುಗಳು ತರಗೆಲೆಗಳಂತೆ ಉದುರಿದರು. ವೆಂಕಟರವಣಪ್ಪನವರು ಒಂದು ತಿಂಗಳ ಕಾಲ ಬೀದಿಯುದ್ದಕ್ಕೂ ತಮ್ಮ ಕಿವಿಯ ಮಹಿಮೆಯನ್ನು ಸಾರಿದರು.

ನವೆಂಬರ್ ಮೂರು, ಶುಕ್ರವಾರ, ಪಂದ್ಯದ ಹಿಂದಿನ ದಿನ. ಮಾರುಕಟ್ಟೆಯ ಹಳೆಯ ಒಡನಾಡಿ ಕೋನಪ್ಪ ಬಂದ.

“ಏಮಯ್ಯಾ ರವಣಪ್ಪಾ, ಕಂಪ್ಯೂಟರ್ಗೂ ಗೂಡಿಗೂ ಏನು ಸಂಬಂಧ? ನಾನು ನಂಬಲ್ಲ ಬಿಡು.”

ಇಂಥ ಸವಾಲನ್ನು ಸಹಿಸುವುದುಂಟೇ? ಮಗಳು ಮಹಡಿಯ ಮೇಲೆ ಬಟ್ಟೆ ತೆಗೆಯಲು ಹೋಗಿದ್ದಳು. ವೆಂಕಟರವಣಪ್ಪನವರು ಸ್ವಿಚ್ಚು ಆರಿಸಿ, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಕಾರ್ಡನ್ನು ಕಿತ್ತು, ಕೋನಪ್ಪನ ಕಿವಿಯ ಬಳಿ ಅಲ್ಲಾಡಿಸಿದರು.

ನಿಶ್ಶಬ್ದ.

ತಮ್ಮ ಕಿವಿಯ ಬಳಿ ಅಲ್ಲಾಡಿಸಿದರು. ನಿಶ್ಶಬ್ದವೇ! “ಅಯ್ಯೋ, ಸತ್ತೋಯ್ತಲ್ಲೋ! ನಾಳೆ ಮಗಳ ಮಾನ ಏನಾಗಬೇಕು!” ಎನ್ನುತ್ತ ಕಾರ್ಡನ್ನು ಕೈಚೀಲಕ್ಕೆ ತುರುಕಿ ಚಪ್ಪಲಿ ಮೆಟ್ಟಿದರು. “ಬೇರೆ ತರ್ತೀನಿ, ಈಗ್ಲೇ ಚಿಕ್ಕಬಳ್ಳಾಪುರಕ್ಕೆ ಹೋಗ್ತೀನಿ!”

ಬಟ್ಟೆಗಳ ಸಮೇತ ಇಳಿದುಬಂದ ಸಂಘಮಿತ್ರ ಕಿಟಾರನೆ ಕಿರುಚಿದಳು. ಗಂಗುಲಮ್ಮ ಬಾಗಿಲಿಗೆ ಅಡ್ಡ ನಿಂತರು.

“ಕೊಡ್ರೀ ಇತ್ಲಾಗೆ. ಅದು ಸತ್ತಿಲ್ಲ. ಅದು ಸದ್ದೇ ಮಾಡಬಾರ್ದು. ನೀವು ಆರ್ಸಿದ್ದ ಕಾರ್ಡಿನ ಫ್ಯಾನು ಕಳಚ್ಕೊಂಡಿತ್ತು, ಅದಕ್ಕೇ ಲೊಟಲೊಟ. ನೀವು ಬಸ್ಸು ನೋಡಕ್ಕೆ ಹೋದಾಗ ಬದಲಾಯಿಸ್ದೆ.”

ವೆಂಕಟರವಣಪ್ಪನವರು ಮೆಟ್ಟಿದ ಚಪ್ಪಲಿ ಬಿಡದೆ ಅಲ್ಲೇ ಕುಳಿತರು. ಭಯದಿಂದ ಕೇಳಿದರು: “ಮತ್ತೆ… ಆ ಫ್ಲಾಸ್ಕು?”

“ಒಳಗೆ ಗಾಜು ಒಡೆದಿತ್ತು. ಬದಲಾಯಿಸ್ದೆ.”

“ಬಲ್ಬುಗಳು?”

“ತಂತಿ ಕಿತ್ತಿರೋ ಬಲ್ಬೇ ರೀ ಸದ್ದು ಮಾಡೋದು! ಅಂಗಡಿ ವೆಂಕಟರತ್ನಮ್ಮ ನೀವು ಬಂದ್ರೆ ಸಾಕು, ಎರಡು ಒಳ್ಳೇವು ನನಗೇಂತ ತೆಗೆದಿಡ್ತಿದ್ಲು.”

ಅವರ ಸ್ವರ ಪಾತಾಳಕ್ಕಿಳಿಯಿತು. “೧೯೭೪ನೇ ಇಸವಿ ಮೇ ಹತ್ತೊಂಬತ್ತು, ನಿನ್ನ ನೋಡಕ್ಕೆ ಬಂದು ಒಪ್ಕೊಂಡೋನು ನಾನೇ. ಆ ಆಯ್ಕೆಯಾದ್ರೂ…”

“ಅದು ಚೆನ್ನಾಗೇ ಆಯ್ತು ನಿಮಗೆ,” ಎಂದರು ಗಂಗುಲಮ್ಮ. “ತಪ್ಪು ನಮ್ಮಪ್ಪಂದು. ಅವತ್ತು ನಿಮ್ಮ ತಲೆ ಹಿಡ್ಕೊಂಡು ಕಿವಿ ಹತ್ರ ಒಂದ್ಸಲ ಅಲ್ಲಾಡಿಸಿ ನೋಡ್ಬೇಕಾಗಿತ್ತು.”

ಕೋನಪ್ಪ ನಕ್ಕ ನಗುವಿಗೆ ಪಕ್ಕದ ಮನೆಯ ಆಂಜಿನಮ್ಮ ಏನಾಯಿತೆಂದು ಇಣುಕಿದಳು. ಸಂಘಮಿತ್ರ ಕಾರ್ಡನ್ನು ಒರೆಸಿ ಮತ್ತೆ ಕೂರಿಸಿದಳು.

ಮಾರನೆಯ ದಿನ ಸಂಜೆ ಅವಳು ಎರಡನೆಯ ಬಹುಮಾನ ಗೆದ್ದು ಬಂದಳು. ಬಹುಮಾನವೊಂದು ಫ್ಲಾಸ್ಕು! ಅದನ್ನು ತೆಗೆದುಕೊಂಡ ವೆಂಕಟರವಣಪ್ಪನವರ ಕೈ ತಾನಾಗಿಯೇ ಕಿವಿಯತ್ತ ಏರಿತು. ತಾಯಿ ಮಗಳು ಇಬ್ಬರೂ ನೋಡುತ್ತಿರುವುದು ಕಂಡು ಅರ್ಧಕ್ಕೇ ನಿಂತಿತು.

ಅವರು ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಕೈಕಾಲು ತೊಳೆದು ಬರುವೆನೆಂದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿದರು. ಉಸಿರು ಬಿಗಿಹಿಡಿದು, ತಮ್ಮ ತಲೆಯನ್ನು ಎರಡು ಕೈಗಳಿಂದ ಹಿಡಿದು, ಮೊದಲು ಮೆಲ್ಲಗೆ, ಅನಂತರ ಜೋರಾಗಿ ಅಲ್ಲಾಡಿಸಿ ಆಲಿಸಿದರು.

ಏನೂ ಸದ್ದಾಗಲಿಲ್ಲ.