ಬುದ್ಧಿವಂತ ಪೆಟ್ಟಿಗೆಗೆ ಪೇಟೆಂಟು

ಹೊಸದನ್ನು ಕಂಡುಹಿಡಿಯುವವರ ಪಕ್ಕದ ಅಂಗಡಿಯಲ್ಲಿ ಕೂತವರಿಗೆ ನೆಮ್ಮದಿ ಸಿಕ್ಕುವುದಿಲ್ಲ, ಆದರೆ ಬೇಸರವೂ ಬರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಶುರುಮಾಡಿದೆ. ಪಕ್ಕದ್ದು ರೇಡಿಯೊ ರಿಪೇರಿ ಅಂಗಡಿ. ಅದರ ಯಜಮಾನರನ್ನು ಊರೆಲ್ಲ ರೇಡಿಯೊ ಅಣ್ಣ ಅನ್ನುತ್ತಿತ್ತು. ನಡುವೆ ಇದ್ದದ್ದು ಬರೀ ಹಲಗೆ ಗೋಡೆ. ಅವರ ಕಡೆ ಏನು ಸುಟ್ಟರೂ ವಾಸನೆ ಮೊದಲು ನನಗೇ ಬರುತ್ತಿತ್ತು.

೧. ಯಾರಿಗೂ ಹೇಳಬೇಡ್ರಿ

ಒಂದು ಬೆಳಿಗ್ಗೆ ರೇಡಿಯೊ ಅಣ್ಣ ಚಪ್ಪಲಿ ಕೂಡ ಮೆಟ್ಟದೆ ಓಡಿಬಂದರು. "ಟೀಚರಮ್ಮಾ, ಪೆಟ್ಟಿಗೆಗೆ ಬುದ್ಧಿ ಬಂತು!"

ಅದು ಪಂಪ್‌ಸೆಟ್ಟಿಗೆ ಜೋಡಿಸುವ ಪೆಟ್ಟಿಗೆ. ಆಗೆಲ್ಲ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಂದರೂ ಮೂರು ಫೇಸಿನಲ್ಲಿ ಒಂದು ಕೈಕೊಟ್ಟರೆ ಮೋಟಾರು ಸುಟ್ಟೇಹೋಗುತ್ತಿತ್ತು. ಈ ಪೆಟ್ಟಿಗೆ ತಾನೇ ನೋಡಿ, ಮೂರೂ ಫೇಸು ಸರಿಯಿದ್ದರೆ ಮಾತ್ರ ಮೋಟಾರು ಚಾಲೂ ಮಾಡುತ್ತಿತ್ತು. ಬಾವಿಯಲ್ಲಿ ನೀರು ಇಳಿದರೆ ತಾನೇ ನಿಲ್ಲಿಸುತ್ತಿತ್ತು. ಕೇಳಿ ನನಗೂ ಮೈ ಜುಮ್ಮೆಂದಿತು.

ಪರಿಚಯದ ವಕೀಲರೊಬ್ಬರ ಹತ್ತಿರ ಇಬ್ಬರೂ ಹೋದೆವು. ಅವರು ಹೇಳಿದರು: "ಪೇಟೆಂಟ್ ತಗೊಳ್ರಿ, ಬೇರೆ ಯಾರೂ ಕದ್ದು ಮಾಡಾಕೆ ಬರಲ್ಲ. ಆದ್ರೆ ಅರ್ಜಿ ಹಾಕೋ ತನಕ ಗುಟ್ಟಾಗಿರಬೇಕು. ಊರಿಗೆಲ್ಲ ಗೊತ್ತಾದ್ರೆ ಅದು ಹೊಸದು ಹೆಂಗಾಗ್ತೈತೆ?"

ರೇಡಿಯೊ ಅಣ್ಣ ಗುಟ್ಟನ್ನು ಬಹಳ ನಿಷ್ಠೆಯಿಂದ ಕಾಪಾಡಿದರು. ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನನ್ನತ್ರ ಒಂದು ಬುದ್ಧಿವಂತ ಪೆಟ್ಟಿಗೆ ಐತೆ, ಒಳಗೆ ಏನೈತೆ ಅಂತ ಮಾತ್ರ ಕೇಳಬೇಡ್ರಿ" ಎಂದರು. ಸಂಜೆ ಹೊತ್ತಿಗೆ ಬಸವಾಪಟ್ಟಣದ ಬಸ್ಸಿನ ಕಂಡಕ್ಟರು ನನ್ನ ಬಾಗಿಲಲ್ಲಿ ನಿಂತಿದ್ದರು.

"ಟೀಚರಮ್ಮಾ, ಯಾರಿಗೂ ಹೇಳಬಾರದಂತಲ್ಲ, ಆ ಪೆಟ್ಟಿಗೆ ಅಂಗಡಿ ಇದೇನಾ? ಬಸ್ಸಿನಾಗಿರೋರೆಲ್ಲ ನೋಡಬೇಕಂತಾರೆ!"

೨. ಯಾವ ದೇವರು?

ಮೊದಲ ಪರೀಕ್ಷೆ ನ್ಯಾಮತಿಯಲ್ಲಿ, ರೇಡಿಯೊ ಅಣ್ಣನ ಭಾವಮೈದನ ಹೊಲದಲ್ಲಿ. ನನ್ನ ತವರೂ ಅದೇ ಊರಾದ್ದರಿಂದ ಒಂದೇ ಬಸ್ಸಿಗೆ ಹೊರಟೆವು. ಪೆಟ್ಟಿಗೆ ಯಾರ ಕಣ್ಣಿಗೂ ಬೀಳಬಾರದಲ್ಲ, ಹೆಂಡತಿಯ ರೇಷ್ಮೆ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು.

ಹೊನ್ನಾಳಿಯಲ್ಲಿ ಬಸ್ಸು ತುಂಬಿತು. ರೇಷ್ಮೆ ಗಂಟು ಕಂಡ ಒಬ್ಬ ಅಜ್ಜಿ ಕೈಮುಗಿದಳು. ಮುಂದಿನ ಸೀಟಿನವರು ಎದ್ದು ಜಾಗ ಬಿಟ್ಟರು. ಯಾರೋ ಮಲ್ಲಿಗೆ ಮಾಲೆ ಹಾಕಿದರು. ರೇಡಿಯೊ ಅಣ್ಣ ಹೌದು ಅನ್ನುವಂತಿಲ್ಲ, ಅಲ್ಲ ಅಂದರೆ ಬಿಚ್ಚಿ ತೋರಿಸಬೇಕು. ಬೆವರುತ್ತ ಕೂತರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿ ಕಡೆ ತಿರುಗಿದೆ.

ಕೊನೆಗೆ ಅಜ್ಜಿ ಕೇಳಿಯೇಬಿಟ್ಟಳು. "ಯಾವ ದೇವರಪ್ಪ ಇದು?"

"ಹೊಸ ದೇವರು ಅಜ್ಜಿ. ಇನ್ನೂ ರಿಜಿಸ್ಟ್ರಾಗಿಲ್ಲ."

೩. ಪಾಸಾತಾ?

ನ್ಯಾಮತಿಯಲ್ಲಿ ಪೆಟ್ಟಿಗೆ ಸೊಗಸಾಗಿ ಕೆಲಸ ಮಾಡಿತು. ಅದೇ ಹುರುಪಿನಲ್ಲಿ ನಾನು, "ಜಗಳೂರಿನಲ್ಲಿ ನಮ್ಮ ಬಾವನ ತೋಟದಲ್ಲೂ ನೋಡೋಣ" ಅಂದೆ. ಅಕ್ಕನ ಗಂಡ ಒಳ್ಳೆಯವರು, ಆದರೆ ಕೋಪ ಮೂಗಿನ ತುದಿಯಲ್ಲೇ.

ಕರೆಂಟು ಬಂತು, ಪಂಪ್‌ಹೌಸಿನ ಬಲ್ಬು ಹತ್ತಿತು. ಮೋಟಾರು ಮಾತ್ರ ಅಲ್ಲಾಡಲಿಲ್ಲ.

"ಏನ್ರೀ, ಯಾಕೆ ಚಾಲೂ ಆಗಲ್ಲ?" ಅಂದರು ಬಾವ.

"ಒಂದು ಫೇಸು ಬಂದಿಲ್ರೀ. ಅದಕ್ಕೇ ಪೆಟ್ಟಿಗೆ ಬ್ಯಾಡ ಅಂತೈತೆ."

"ನನ್ನ ಮೋಟಾರು ನಡೆಸಬ್ಯಾಡ ಅನ್ನಾಕೆ ಅದ್ಯಾರು?" ಎಂದವರೇ ಪೆಟ್ಟಿಗೆ ಬಿಚ್ಚಿ ಪಕ್ಕಕ್ಕಿಟ್ಟು, ಹಳೇ ಸ್ಟಾರ್ಟರಿಗೆ ವೈರು ಕೊಟ್ಟು ಗುಂಡಿ ಒತ್ತಿಹಿಡಿದರು. ಮೋಟಾರು ಗುಂಯ್ ಎಂದು ನರಳಿತು. ಹೊಗೆ ಎದ್ದಿತು. ಆಮೇಲೆ ಸದ್ದೇ ಇಲ್ಲ.

ಬಾವ ತಲೆ ಮೇಲೆ ಕೈಹೊತ್ತು ಕೂತರು. ಅವರ ಮುಂದೆಯೇ ರೇಡಿಯೊ ಅಣ್ಣ ಕುಣಿಯತೊಡಗಿದರು. "ಸುಟ್ಟೋತು! ಟೀಚರಮ್ಮಾ, ನಾ ಹೇಳಿದಂಗೇ ಸುಟ್ಟೋತು! ಪೆಟ್ಟಿಗೆ ಗೆದ್ದೈತೆ!" ನಾನು ಅವರ ಅಂಗಿ ಎಳೆದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಕೇಕೆ ಕೇಳಿ ಅಕ್ಕ ತಟ್ಟೆ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಿಡಿದು ಬಂದಳು. "ಏನ್ರೀ, ಪಾಸಾತಾ?"

ಬಾವ ತಲೆ ಎತ್ತದೆ ಅಂದರು: "ಪೆಟ್ಟಿಗೆ ಪಾಸಾತು ಕಣೆ. ನಾ ಫೇಲಾದೆ."

೪. ಯೋಚನೆ ಮಾಡೋದು ಯಾರು

ಅರ್ಜಿ ಟೈಪು ಮಾಡುವುದು ನನ್ನ ಪಾಲಿಗೆ ಬಂತು. ವಕೀಲರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಬಡಿಯುತ್ತಿದ್ದೆ. ಪೆಟ್ಟಿಗೆಯೊಳಗೆ ಏನೇನಿದೆ ಎಂದು ಕೇಳಿದಾಗ ರೇಡಿಯೊ ಅಣ್ಣ ಬಾಯಿ ಹೊಲಿದುಕೊಂಡರು.

"ಅದನ್ನ ಬರೆದುಕೊಟ್ರೆ ಕದೀತಾರಲ್ರೀ!"

"ಬರೆದುಕೊಟ್ರೇನೇ ಕದಿಯಾಕೆ ಆಗಲ್ಲ. ಅದೇ ಪೇಟೆಂಟು" ಅಂದರು ವಕೀಲರು. ಇದನ್ನು ಅರಗಿಸಿಕೊಳ್ಳುವಷ್ಟರಲ್ಲಿ ರೇಡಿಯೊ ಅಣ್ಣನ ಎರಡು ಲೋಟ ಚಹಾ ತಣ್ಣಗಾದವು. ಕೊನೆಗೆ ಒಂದೊಂದೇ ಹೇಳಿದರು, ಕಿಟಕಿ ಮುಚ್ಚಿಸಿ.

ಆಮೇಲೆ ಹೊಸ ಹಟ. "ಮೊದಲನೇ ಸಾಲಿನಾಗೆ, ಇದು ಯೋಚನೆ ಮಾಡೋ ಯಂತ್ರ ಅಂತ ಹಾಕ್ರಿ."

"ಅದು ಯೋಚನೆ ಮಾಡ್ತೈತೆ ಅಂತ ಸಾಬೀತು ಮಾಡಾಕೆ ಆಗಲ್ಲ ಕಣ್ರೀ. ತಾನಾಗಿ ಕೆಲಸ ಮಾಡೋ ಯಂತ್ರ ಅಂತ ಹಾಕೋಣ."

"ಮನುಷ್ಯರು ಯೋಚನೆ ಮಾಡ್ತಾರೆ ಅಂತ ಯಾರು ಸಾಬೀತು ಮಾಡ್ಯಾರೆ ವಕೀಲ್ರೇ? ಬೇಕಾದ್ರೆ ಜಗಳೂರಿಗೆ ಹೋಗಿ ಟೀಚರಮ್ಮನ ಬಾವನ್ನ ಕೇಳ್ರಿ!"

೫. ಇಬ್ಬರ ಪೆಟ್ಟಿಗೆ

ಪೆಟ್ಟಿಗೆಯನ್ನು ನ್ಯಾಮತಿ ಹೊಲದಲ್ಲೇ ನಡೆಯಲು ಬಿಟ್ಟು ಕೆಲವು ವರ್ಷ ಕಾದ ಮೇಲೆ ಪೇಟೆಂಟು ಬಂದೇಬಂತು. ಬೀದಿಗೆಲ್ಲ ಪೇಡ ಹಂಚಿದೆವು. ಬಾಯಿ ಸಿಹಿ ಆರುವ ಮೊದಲೇ ಸುದ್ದಿ ಬಂತು: ಹೊನ್ನಾಳಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿ ರಿವೈಂಡಿಂಗ್ ಮಾಡುವ, ನ್ಯಾಮತಿ ಕಡೆ ಹೊಲಗಳಿಗೆ ಪಂಪು ರಿಪೇರಿಗೂ ಹೋಗುವವರೊಬ್ಬರು ಇಂಥದೇ ಪೆಟ್ಟಿಗೆ ಮಾಡಿ ಮಾರುತ್ತಿದ್ದಾರೆ. ರೇಡಿಯೊ ಅಣ್ಣ ಅನ್ನ ನೀರು ಬಿಟ್ಟರು. ವಕೀಲರು ಆ ಮನುಷ್ಯನನ್ನು ತಮ್ಮ ಆಫೀಸಿಗೆ ಕರೆಸಿದರು.

ಅವರು ಎದೆಯುಬ್ಬಿಸಿಕೊಂಡೇ ಬಂದರು. "ನಾನು ಯಾರದ್ದೂ ಕದ್ದಿಲ್ಲ ಸಾರ್. ಪೂರ್ತಿ ನನ್ನ ತಲೆಯಿಂದ ಬಂದಿದ್ದು."

ವಕೀಲರು ಎರಡೂ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆಸಿದರು. ಬಣ್ಣ ಬೇರೆ, ವೈರು ಬೇರೆ. ಇದು ನಕಲು ಅಂತ ತೋರಿಸುವುದು ಹೇಗೆ? ಅಷ್ಟರಲ್ಲಿ ಹೊನ್ನಾಳಿ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರಿನ ಸಂದಿಯಲ್ಲಿ ಒಂದು ಕೆಂಪಡಿಕೆ ಕಂಡಿತು.

"ಇದ್ಯಾಕೆ ಇಲ್ಲಿ?" ಅಂದರು ವಕೀಲರು.

"ಅದೇ ಸಾರ್ ಮುಖ್ಯ! ಕರೆಂಟಿನ ಬಿಸಿ ಹೀರ್ಕೊಳ್ಳಾಕೆ. ಬಾಳ ತಲೆ ಕೆಡಿಸ್ಕೊಂಡು ಕಂಡುಹಿಡಿದಿದ್ದು."

ರೇಡಿಯೊ ಅಣ್ಣ ತಮ್ಮ ಪೆಟ್ಟಿಗೆಯೊಳಗೆ ಬೆರಳು ಹಾಕಿದರು. ಅದೇ ಸಂದಿಯಿಂದ ಅಂಥದೇ ಅಡಿಕೆ ಹೊರಗೆ ಬಂತು. ಅವರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

"ಸ್ಕ್ರೂ ಸಡಿಲಾಗಿ ಟ್ರಾನ್ಸ್‌ಫಾರ್ಮರು ಅಲ್ಲಾಡ್ತಿತ್ತು. ಎಲೆ ಜೊತೆ ಹಾಕ್ಕೊಳ್ಳಾಕೆ ಇಟ್ಟಿದ್ದ ಅಡಿಕೆನ ಸಂದಿಗೆ ತುರುಕಿದ್ದೆ ಕಣ್ರೀ! ತೆಗೆಯೋದು ಮರ್ತಿದ್ದೆ. ಅದಕ್ಕೂ ಯಂತ್ರಕ್ಕೂ ಏನೂ ಸಂಬಂಧ ಇಲ್ಲ!"

ವಕೀಲರು ಕನ್ನಡಕ ತೆಗೆದು ನಕ್ಕರು. ನಾನು ಕುರ್ಚಿಯಿಂದ ಜಾರುವುದೊಂದು ಬಾಕಿ. ಇನ್ನು ಮುಂದೆ ರೇಡಿಯೊ ಅಣ್ಣನ ಒಪ್ಪಿಗೆ ಇಲ್ಲದೆ ಒಂದೂ ಪೆಟ್ಟಿಗೆ ಮಾಡುವುದಿಲ್ಲ ಎಂದು ಹೊನ್ನಾಳಿಯವರು ಅಲ್ಲೇ ಒಪ್ಪಿದರು. ಆದರೆ ಅವರ ಕಣ್ಣು ಮಾತ್ರ ಆ ಅಡಿಕೆ ಮೇಲೇ ಇತ್ತು.

"ಹಂಗಾರೆ ಅಡಿಕೆ ಬೇಕಾಗೇ ಇಲ್ವಾ? ನಾನು ಪೆಟ್ಟಿಗೆಗೊಂದರಂಗೆ ದುಬಾರಿ ಕೆಂಪಡಿಕೆನೇ ಆರಿಸಿ ಆರಿಸಿ ಹಾಕ್ತಿದ್ನಲ್ಲೋ ಪುಣ್ಯಾತ್ಮ!"