ಏನ್ಲಾ ಮಾಡ್ಕೊಂಡಿದ್ದೀಯ?

ನನ್ನ ಅಕ್ಕನ ಮಗನಷ್ಟು ಉದ್ಯೋಗ ಬದಲಿಸಿದವನು ನಮ್ಮ ಹೊಂಗನೂರಿನಲ್ಲಿ ಇನ್ನೊಬ್ಬನಿಲ್ಲ. ಆಶ್ಚರ್ಯವೆಂದರೆ, ಅವನಿಗೆ ಇದುವರೆಗೆ ಒಂದು ಕೆಲಸವೂ ಸಿಕ್ಕಿಲ್ಲ!

ಡಿಪ್ಲೊಮಾ ಅರ್ಧಕ್ಕೇ ನಿಂತಿತು. ಆಮೇಲೆ ಸೇರಿದ ತರಬೇತಿ ಕೇಂದ್ರ ಇವನ ಮುಖ ನೋಡಿದ್ದೇ ಬಾಗಿಲು ಹಾಕಿಕೊಂಡಿತು. ಉಳಿದದ್ದು ನೆಂಟರು. ಅವರಿಗಿದ್ದದ್ದು ಒಂದೇ ಪ್ರಶ್ನೆ: "ಏನ್ಲಾ ಮಾಡ್ಕೊಂಡಿದ್ದೀಯ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದ. ಚನ್ನಪಟ್ಟಣದ ಛತ್ರದಲ್ಲಿ ಮದುವೆ ಊಟಕ್ಕೆ ಕೂತಾಗ ಪಾಯಸದ ಹೊತ್ತಿಗೆ ಬ್ಯಾಂಕಿನಲ್ಲಿದ್ದವನು, ಮಜ್ಜಿಗೆ ಬರುವಷ್ಟರಲ್ಲಿ ರೈಲ್ವೆಗೆ ಸೇರಿದ್ದ!

"ಸಿಕ್ಕಾಕೊಂಡ್ರೆ ಏನ್ಲಾ ಗತಿ?" ಎಂದೆ.

"ನಿಜ ಯೋಳುದ್ರೆ ಬುದ್ಧಿ ಯೋಳ್ತಾರೆ ಮಾವ. ಸುಳ್ಳು ಯೋಳುದ್ರೆ ಇನ್ನೊಂದು ಒಬ್ಬಟ್ಟು ಆಕುಸ್ತಾರೆ."

ಅವನ ಚಿಂತೆ ಮಾಡುವುದೇ ನನಗೆ ಕಾಯಂ ನೌಕರಿ. ಸಂಬಳವಿಲ್ಲ, ರಜೆಯೂ ಇಲ್ಲ.

ಕೊನೆಗೆ ಸಿಕ್ಕಿಹಾಕಿಕೊಂಡ. ಮರಳವಾಡಿಯ ನೆಂಟರೊಬ್ಬರಿಗೆ "ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿವ್ನಿ" ಎಂದುಬಿಟ್ಟಿದ್ದ. ಅವರು ರೇಷ್ಮೆಗೂಡಿನ ಚೀಲಗಳ ಸಮೇತ ಬಂದಿಳಿದು ಫೋನ್ ಮಾಡಿದರು: "ಗೇಟ್ ತಾವ ನಿಂತಿವ್ನಿ, ಬಾರ್ಲಾ!"

ಬಸ್ಸು ಹಿಡಿದು ಓಡಿದ. ಚೀಲ ಹೊತ್ತ, ಹರಾಜು ಮುಗಿಯುವ ತನಕ ಗೂಡು ಕಾದ. ನೆಂಟರು ನನಗೂ ಫೋನ್ ಮಾಡಿದರು: "ಏನ್ ಡ್ಯೂಟಿ ಅಂತೀರಿ! ಯಾವಾಗ ಪರ್ಮನೆಂಟ್ ಮಾಡ್ತಾರಂತೆ?"

"ನೋಡ್ಬೇಕು," ಎಂದೆ. ಅಲ್ಲಿಗೆ ನಾನೂ ಅದೇ ಕಚೇರಿಗೆ ಸೇರಿದಂತಾಯಿತು!

ಸಂಜೆ ಬಂದವನ ಭುಜ ಕೆಂಪಗಾಗಿತ್ತು. "ಇವತ್ತು ಚೆನ್ನಾಗಿತ್ತು ಮಾವ," ಎಂದ. ಅಷ್ಟೇ. ಮರುದಿನ ಹೋಗುವುದಕ್ಕೆ ಅವನಿಗೊಂದು ಜಾಗವಿರಲಿಲ್ಲ.

ನನ್ನ ಅವ್ವನಿಗೆ ಈಗ ಮರೆವು, ಕೇಳಿದ್ದನ್ನೇ ಕೇಳುತ್ತಾಳೆ. ಮೊನ್ನೆ ಜಗಲಿಯಲ್ಲಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದಳು: "ಏನ್ಲಾ ಮಗ ಮಾಡ್ಕೊಂಡಿದ್ದೀಯ?"

ಇವತ್ತು ಯಾವ ಇಲಾಖೆಯೋ ಎಂದು ನಾನು ಒಳಗಿನಿಂದಲೇ ಕಿವಿಗೊಟ್ಟೆ.

"ಏನೂ ಇಲ್ಲ ಕಣಜ್ಜಿ. ಯಾರೂ ಕರೀತಿಲ್ಲ. ಬೆಳಿಗ್ಗೆ ಎದ್ರೆ, ಯಾಕಾದ್ರೂ ಎದ್ನೋ ಅನ್ನುಸ್ತದೆ."

ಅವ್ವ ಅವನ ಬೆನ್ನು ಸವರಿದಳು. "ಆಗ್ಲಿ ಬುಡು. ಉಂಡ್ಯಾ?"

ಒಸಿ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಊರಿಗೆಲ್ಲ ದಿನಕ್ಕೊಂದು ಉತ್ತರ ಕೊಡುವವನು ಅವ್ವನಿಗೆ ಒಂದು ಮಾತೂ ಬದಲಿಸದೆ ಅದನ್ನೇ ಹೇಳಿದ. ಅವ್ವನೂ ಮೊದಲ ಸಲ ಕೇಳಿಸಿಕೊಂಡವಳಂತೆ ಮತ್ತೆ ಬೆನ್ನು ಸವರಿದಳು. "ಆಗ್ಲಿ ಬುಡು. ಉಂಡ್ಯಾ?"

ಬುದ್ಧಿ ಹೇಳಲು ಎದ್ದಿದ್ದ ನಾನು ಅಡುಗೆಮನೆಗೆ ಹೋಗಿ ಅವನಿಗೊಂದು ತಟ್ಟೆ ಹಾಕಿದೆ.