ವಿಮಾನ ಮೇಲೆ, ಜೀವ ಬಾಯಲ್ಲಿ

ರಿಮೋಟ್ ವಿಮಾನ ಹಾರಿಸುವವನಿಗೆ ಎಂತ ಹೆದರಿಕೆ, ಅದರೊಳಗೆ ಯಾರೂ ಕೂತಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅವರು ಒಂದು ಭಾನುವಾರ ಬಂದು ನನ್ನ ಪಕ್ಕ ನಿಲ್ಲಬೇಕು. ಅಮ್ಮತ್ತಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಕಳೆ ಕೊಚ್ಚುವ ಮೆಷಿನ್ನು, ಔಷಧಿ ಹೊಡೆಯುವ ಸ್ಪ್ರೇಯರ್, ಮಿಕ್ಸಿ, ಎಲ್ಲ ಬರುತ್ತವೆ. ಅಂಗಡಿ ಮುಚ್ಚಿದ ಮೇಲೆ ಫೋಮ್ ಹಾಳೆ ಕತ್ತರಿಸಿ, ಅಂಟಿಸಿ, ಮೋಟಾರು ಕೂರಿಸಿ ಕೈಯಾರೆ ವಿಮಾನ ಕಟ್ಟುತ್ತೇನೆ. ಕಟ್ಟುವಾಗ ನನ್ನಷ್ಟು ಧೈರ್ಯವಂತ ಇಲ್ಲ. ಹಾರಿಸುವ ದಿನ ಮಾತ್ರ ವಿಮಾನಕ್ಕಿಂತ ಮೊದಲು ನನ್ನ ಎದೆ ಹಾರುತ್ತದೆ. ಕಾರಣವಿಲ್ಲದೆ ಅಲ್ಲ.

ಹೆಂಡತಿಯ ಹಿಂದೆ

ಮೊದಲ ವಿಮಾನ ಹಾರಿಸಿದ್ದು ಬಾಳೆಲೆ ಊರಿನಲ್ಲಿ, ಮಾವನ ಮನೆಯ ಗದ್ದೆಯಲ್ಲಿ. ಕೊಯ್ಲು ಮುಗಿದು ಗದ್ದೆ ಖಾಲಿ ಬಿದ್ದಿತ್ತು. ನನ್ನ ವಿಮಾನಕ್ಕೆ ಚಕ್ರ ಇರಲಿಲ್ಲ. ಯಾರಾದರೂ ಕೈಯಲ್ಲಿ ಹಿಡಿದು ಎಸೆಯಬೇಕು. ಆ ಕೆಲಸ ಹೆಂಡತಿಯ ಪಾಲಿಗೆ ಬಂತು.

"ಇದರ ಫ್ಯಾನು ಕೈಗೆ ಹೊಡೆದರೆ?" ಎಂದಳು.

"ಫ್ಯಾನು ಮುಂದೆ ಉಂಟು, ನಿನ್ನ ಕೈ ಹಿಂದೆ ಇರ್ತದೆ. ಹೆದರಬೇಡ," ಎಂದೆ. ಹೇಳಿ ನಾನು ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದೆ.

ಅವಳು ಕಣ್ಣು ಮುಚ್ಚಿಕೊಂಡು ಎಸೆದಳು. ವಿಮಾನ ಚಂದಕ್ಕೆ ಏರಿತು, ಗದ್ದೆಯಂಚಿನಲ್ಲಿ ನೀರು ಹರಿಯುವ ತೋಡಿನವರೆಗೆ ಹೋಗಿ ತಿರುಗಿತು, ನಮ್ಮ ಕಡೆ ಮುಖ ಮಾಡಿತು. ಕಷ್ಟ ಇರುವುದೇ ಅಲ್ಲಿ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲವೇ. ನಮ್ಮ ಕಡೆ ಬರುವಾಗ ಅದರ ಬಲ ಎಂದರೆ ನಮ್ಮ ಎಡ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ನನ್ನ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಅವಳಿಂದ ತಪ್ಪಿಸಲು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದೆ, ಅದು ಎಡಕ್ಕೆ, ನೇರ ಅವಳ ಕಡೆಗೇ ಬಂತು. ಅವಳು ಓಡಿದಳು. ಗಾಬರಿಯಲ್ಲಿ ಮತ್ತೆ ತಪ್ಪಿಸಲು ಹೋದೆ, ಮತ್ತೆ ಅವಳ ಹಿಂದೆಯೇ ಹೋಯಿತು. ಅವಳು ಈ ಬದು ಹಾರಿದರೆ ಅದು ಈ ಬದು, ಆ ಬದು ಹಾರಿದರೆ ಅದು ಆ ಬದು. ನನ್ನ ಕೈಯಾರೆ ಕಟ್ಟಿದ್ದು ನನ್ನ ಹೆಂಡತಿಯ ತಲೆಗೆ ಬೀಳುತ್ತದಲ್ಲ ಎಂದು ದೇವರನ್ನು ಕರೆದೆ. ಕೊನೆಗೆ ಅವಳು ತೋಡಿನ ಬದಿಯ ಕೆಸರಿನಲ್ಲಿ ಬೋರಲು ಮಲಗಿಬಿಟ್ಟಳು. ವಿಮಾನ ಅವಳ ಮೇಲಿಂದಲೇ ಹಾದು ಆಚೆ ಗದ್ದೆಯಲ್ಲಿ ಮೂಗು ಊರಿತು.

ಓಡಿ ಹೋಗಿ ಎಬ್ಬಿಸಿದೆ. ಮುಖದ ಕೆಸರು ಒರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಕೇಳಿದಳು: "ಒಂದು ಮಾತು ಕೇಳ್ತೇನೆ, ನಿಜ ಹೇಳಿ. ಬೇಕಂತಲೇ ಮಾಡಿದ್ದಾ?"

ಹುಂಜ

ಮುಂದಿನ ವಿಮಾನ ರೆಕ್ಕೆ ಬಿಚ್ಚಿದ ಗಿಡುಗನ ಹಾಗೆ ಕಾಣಲಿ ಎಂದು ಕಂದು ಬಣ್ಣ ಬಳಿದೆ. ಮನೆ ಹಿಂದಿನ ಬಯಲಿನಲ್ಲಿ ಒಂದು ಸುತ್ತು ಹಾರಿಸಿದ್ದೇ ತಡ, ಪಕ್ಕದ ಮನೆಯ ಆಂಟಿ ಸಾಕಿದ ಕೋಳಿಗಳೆಲ್ಲ ಕಿರುಚಿಕೊಂಡು ಸಿಕ್ಕಿದಲ್ಲಿ ನುಗ್ಗಿದವು. ಕೆಲವು ಸೌದೆ ರಾಶಿಗೆ, ಕೆಲವು ಜೀಪಿನ ಅಡಿಗೆ, ಒಂದು ನಮ್ಮ ಅಡುಗೆಮನೆಗೇ ಬಂತು. ಮಾರನೆ ದಿನ ಆಂಟಿ ಬೇಲಿ ಹತ್ತಿರ ಬಂದು ನಿಂತರು.

"ನಿನ್ನ ಆ ಹಕ್ಕಿಯಿಂದ ಒಂದು ಕೋಳಿಯೂ ಮೊಟ್ಟೆ ಇಟ್ಟಿಲ್ಲ. ಹೆದರಿ ಮುದುಡಿ ಕೂತಿದಾವೆ."

ತಪ್ಪಾಯಿತು, ಇನ್ನು ಇಲ್ಲಿ ಹಾರಿಸುವುದಿಲ್ಲ ಎಂದೆ. ಒಂದು ವಾರ ಬಿಟ್ಟು ಅಂಗಡಿಗೆ ಬಂದ ಆಂಟಿಯನ್ನು, ಹೇಗಿದಾವೆ ಕೋಳಿಗಳು ಎಂದು ಹೆದರುತ್ತಲೇ ವಿಚಾರಿಸಿದೆ.

"ಹೇಂಟೆಗಳು ಮೂರನೇ ದಿನಕ್ಕೇ ಹೊರಗೆ ಬಂದವು, ಮೇಯ್ತಾ ಉಂಟು," ಎಂದರು. "ಹುಂಜ ಮಾತ್ರ ಇನ್ನೂ ಗೂಡಿನ ಒಳಗೇ. ಅಲ್ಲಿಂದಲೇ ಕೂಗಿ ಅವಕ್ಕೆ ಧೈರ್ಯ ಹೇಳ್ತದೆ."

ಹೆಜ್ಜೇನು

ಮನೆ ಹತ್ತಿರ ಹಾರಿಸುವಂತಿಲ್ಲ ಎಂದ ಮೇಲೆ, ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರೊಬ್ಬರು ತಮ್ಮ ಗದ್ದೆಗೆ ಕರೆದರು. ನೆಟ್ಟಗಿನ ಬೆನ್ನು, ಗಟ್ಟಿ ಧ್ವನಿ. ಗಡಿಯಲ್ಲಿ ತಲೆಯ ಮೇಲೆ ಗುಂಡು ಹಾರುವಾಗ ಚಹಾ ಕುಡಿದವರು. ಅವರ ಪಕ್ಕ ನಿಂತರೆ ನನಗೂ ಸ್ವಲ್ಪ ಧೈರ್ಯ.

ಗದ್ದೆಯ ಅಂಚಿನಲ್ಲಿ ಒಂದು ದೊಡ್ಡ ಅತ್ತಿಮರ. ವಿಮಾನ ಗಾಳಿಗೆ ವಾಲಿ ಅದರ ಕೊಂಬೆಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಮೋಟಾರು ನಿಲ್ಲಿಸಿ ಮರದಡಿ ಹೋಗಿ ನೋಡಿದೆವು. ವಿಮಾನದ ಆಚೆಗೆ, ಕೊಂಬೆಯಿಂದ ಕಪ್ಪಗೆ ಏನೋ ಗೋಣಿಚೀಲದ ಹಾಗೆ ತೂಗುತ್ತಿತ್ತು. ನೋಡನೋಡುತ್ತಿದ್ದಂತೆ ಆ ಕಪ್ಪು ಒಂದು ಸಲ ಅಲೆಯ ಹಾಗೆ ಮಿರುಗಿತು.

"ಹೆಜ್ಜೇನು," ಎಂದರು ಸುಬೇದಾರರು, ತುಟಿ ಅಲುಗಿಸದೆ. "ಅಲ್ಲಾಡಬೇಡ. ಕಲ್ಲಿನ ಹಾಗೆ ನಿಲ್ಲು. ಓಡಿದವನನ್ನೇ ಅದು ಅಟ್ಟಿಸಿಕೊಂಡು ಬರೋದು. ಏನಾದ್ರೂ ಸರಿ, ಓಡಬಾರದು."

ನಾನು ಕಲ್ಲಾದೆ. ಉಸಿರೂ ಬಿಡಲಿಲ್ಲ. ಒಂದು ಹುಳ ಬಂದು ನನ್ನ ರೆಪ್ಪೆಯ ಮೇಲೆ ಕೂತಿತು. ಇನ್ನೊಂದು ಕಿವಿಯ ಹತ್ತಿರ ಗುಂಯ್ ಎನ್ನತೊಡಗಿತು. ಹೆಜ್ಜೇನು ಕಚ್ಚಿ ಸತ್ತವರ ಕತೆಗಳೆಲ್ಲ ಒಂದೊಂದಾಗಿ ನೆನಪಾದವು. ಸುಬೇದಾರರ ಮುಖ ನೋಡಿ ಧೈರ್ಯ ತಂದುಕೊಳ್ಳೋಣ ಎಂದು ಕಣ್ಣು ಮಾತ್ರ ಪಕ್ಕಕ್ಕೆ ತಿರುಗಿಸಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಕೆರೆಯ ಕಡೆಗೆ ಒಂದು ಬಿಳಿ ಬನಿಯನ್ನು ಓಡುತ್ತಿತ್ತು.

ನಾನೂ ಓಡಿದೆ. ಹಿಂದಿನಿಂದ ಆ ಗುಂಯ್ ಎಂಬ ಶಬ್ದ ಬರುತ್ತಲೇ ಇತ್ತು. ಕುತ್ತಿಗೆಗೆ, ಕಿವಿಗೆ ಚುಚ್ಚಿದವು. ಕೆರೆಗೆ ಧುಮುಕಿ ಮೂಗಷ್ಟೇ ಮೇಲೆ ಮಾಡಿ ಕೂತೆ. ಪಕ್ಕದಲ್ಲೇ ಸುಬೇದಾರರ ಮೀಸೆ ನೀರಿನ ಮೇಲೆ ತೇಲುತ್ತಿತ್ತು. ಹುಳಗಳು ಚದುರುವವರೆಗೆ ಇಬ್ಬರೂ ಹಾಗೇ ಮುಳುಗಿ ಕೂತಿದ್ದೆವು.

"ಓಡಬಾರದು ಅಂದಿರಲ್ಲ," ಎಂದೆ ಕೊನೆಗೆ.

"ಓಡಿದ್ದು ಯಾರು?" ಎಂದರು. "ಪೊಸಿಷನ್ ಬದಲಾಯಿಸಿದ್ದು."

ಕುಂಯ್ ಕುಂಯ್

ಮರಕ್ಕೆ ಸಿಕ್ಕಿದ್ದು ಕಣ್ಣಿಗಾದರೂ ಕಾಣುತ್ತದೆ. ಕಾಫಿ ತೋಟದೊಳಗೆ ಬಿದ್ದರೆ ದೇವರೇ ಹುಡುಕಿಕೊಡಬೇಕು. ಅದಕ್ಕೆಂದೇ ವಿಮಾನದೊಳಗೆ ಒಂದು ಸಣ್ಣ ಬಜರ್ ಇಟ್ಟಿದ್ದೆ. ರಿಮೋಟ್ ಆಫ್ ಮಾಡಿದರೆ ಅದು ಕುಂಯ್ ಕುಂಯ್ ಎಂದು ಕೂಗುತ್ತದೆ, ಆನ್ ಮಾಡಿದರೆ ನಿಲ್ಲುತ್ತದೆ.

ಹಲಸು ಹಣ್ಣಾಗುವ ಕಾಲ. ಗಾಳಿ ನನ್ನ ವಿಮಾನವನ್ನು ಎತ್ತಿಕೊಂಡು ಹೋಗಿ ಒಂದು ದೊಡ್ಡ ಎಸ್ಟೇಟಿನೊಳಗೆ ಹಾಕಿತು. ಗೇಟಿನಲ್ಲಿ ಸಿಕ್ಕಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ವಿಷಯ ಹೇಳಿದೆ. ಧಡೂತಿ ಆಸಾಮಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು.

"ಹಲಸಿಗೆ ಬಂದ ಆನೆ ಬೆಳಿಗ್ಗೆಯಿಂದ ಉಂಟು ಸಾರ್ ಒಳಗೆ," ಎಂದರು. "ಕೆಲಸದವರನ್ನೆಲ್ಲ ಅವರ ಲೈನು ಮನೆಗಳಿಗೆ ಕಳಿಸಿದ್ದೇನೆ. ನಾಳೆ ಬನ್ನಿ."

ನಾಳೆಗೆ ಬ್ಯಾಟರಿ ಇಳಿದು ಬಜರ್ ಸಾಯುತ್ತದೆ ಎಂದೆ. ಬೇಡಿಕೊಂಡೆ. ನನ್ನನ್ನು ಒಬ್ಬನೇ ಕಳಿಸಿ ಏನಾದರೂ ಆದರೆ ಓನರಿಗೆ ತಾನು ಉತ್ತರ ಕೊಡಬೇಕು ಎಂದು ಗೊಣಗುತ್ತ ಅವರೂ ಹೊರಟರು.

ತೋಟದೊಳಗೆ ಮಧ್ಯಾಹ್ನವೇ ಮಬ್ಬು. ರಿಮೋಟ್ ಆಫ್ ಮಾಡಿದೆ. ದೂರದಲ್ಲಿ ಕುಂಯ್ ಕುಂಯ್. ಕಾಫಿ ಗಿಡಗಳ ನಡುವೆ ಬಗ್ಗಿಕೊಂಡು ಆ ಶಬ್ದದ ಹಿಂದೆ ಹೋದೆವು. ರೈಟರು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದರು. ಶಬ್ದ ಹತ್ತಿರವಾಯಿತು. ಒಂದು ಗಿಡ ಸರಿಸಿದೆ. ತರಗೆಲೆಯ ಮೇಲೆ ನನ್ನ ವಿಮಾನ ಸ್ವಲ್ಪವೂ ಮುರಿಯದೆ ಕೂತಿತ್ತು. ಅದರ ಆಚೆ ಒಂದು ಆನೆ ನಿಂತಿತ್ತು.

ನಾವು ಹುಡುಕಿಕೊಂಡು ಬಂದ ಶಬ್ದವನ್ನೇ ಅದೂ ಹುಡುಕಿಕೊಂಡು ಬಂದಿತ್ತು. ಸೊಂಡಿಲು ಚಾಚಿ ವಿಮಾನವನ್ನು ಮೂಸಿತು. ಕುಂಯ್ ಎಂದಾಗಲೆಲ್ಲ ಕಿವಿ ಅಗಲಿಸುತ್ತಿತ್ತು. ಅದರ ಉಸಿರಿಗೆ ತರಗೆಲೆ ಹಾರುತ್ತಿತ್ತು. ಹಿಂದೆ ರೈಟರು ಸಣ್ಣ ಧ್ವನಿಯಲ್ಲಿ, "ನಿಲ್ಲಿಸಿ ಸಾರ್ ಅದನ್ನು, ಅದಕ್ಕೆ ಸಿಟ್ಟು ಬರ್ತಾ ಉಂಟು," ಎಂದರು.

ಶಬ್ದ ನಿಲ್ಲಲು ರಿಮೋಟ್ ಆನ್ ಮಾಡಬೇಕು. ಮಾಡಿದೆ. ಕುಂಯ್ ನಿಂತಿತು. ಆದರೆ ಆ ಗಡಿಬಿಡಿಯಲ್ಲಿ ಹೆಬ್ಬೆರಳು ಮೋಟಾರಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿಬಿಟ್ಟಿತು. ಫ್ಯಾನು ಟರ್ರ್ ಎಂದು ತಿರುಗಿ ತರಗೆಲೆಯನ್ನೆಲ್ಲ ಆನೆಯ ಮುಖಕ್ಕೆ ಎರಚಿತು.

ಆನೆ ಘೀಳಿಟ್ಟಿತು. ಭೂಮಿ ಅದುರಿತು. ನಾನು ಕಣ್ಣು ಮುಚ್ಚಿ ಕಾಫಿ ಗಿಡದ ಬುಡದಲ್ಲಿ ಕುಕ್ಕರಿಸಿದೆ. ಕೊಂಬೆಗಳು ಲಟಲಟ ಮುರಿಯುವ ಶಬ್ದ ದೂರ ದೂರ ಹೋಗಿ ನಿಂತಿತು. ಕಣ್ಣು ಬಿಟ್ಟೆ. ಆನೆ ಇಲ್ಲ. ರೈಟರೂ ಇಲ್ಲ.

"ರೈಟ್ರೇ," ಎಂದೆ. ಉತ್ತರವಿಲ್ಲ. ದಾರಿಯಲ್ಲಿ ಅವರ ಒಂದು ಚಪ್ಪಲಿ ಬಿದ್ದಿತ್ತು. ಮುಂದೆ ಅವರ ಟೋಪಿ. ಆನೆಯ ದೊಡ್ಡ ಹೆಜ್ಜೆಗುರುತು ಅದರ ಪಕ್ಕದಲ್ಲೇ ಹಾದುಹೋಗಿತ್ತು. ನನ್ನ ಹಟಕ್ಕೆ ಒಂದು ಜೀವ ಹೋಯಿತಲ್ಲ, ಅವರ ಮನೆಯವರಿಗೆ ಏನು ಹೇಳಲಿ ಎಂದು ಅಳು ಬಂತು. ಗಟ್ಟಿಯಾಗಿ ಇನ್ನೊಮ್ಮೆ ಕರೆದೆ.

"ಮೆಲ್ಲಗೆ ಮಾತಾಡಿ ಸಾರ್," ಎಂದು ಆಕಾಶದಿಂದ ಉತ್ತರ ಬಂತು.

ತಲೆ ಎತ್ತಿದರೆ, ಸಿಲ್ವರ್ ಓಕ್ ಮರದ ತುದಿಯ ಹತ್ತಿರ ರೈಟರು. ಕೆಳಗೆ ಒಂದು ಕೊಂಬೆಯೂ ಇಲ್ಲದ, ಕಂಬದ ಹಾಗಿನ ಮರ. ಅದಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ಅರ್ಧ ಕಿತ್ತುಬಂದು ಅವರ ಸೊಂಟಕ್ಕೆ ಸುತ್ತಿಕೊಂಡಿತ್ತು. ಇಳಿಯಿರಿ ಎಂದೆ. ಇಳಿಯಲು ಬರುವುದಿಲ್ಲ ಎಂದರು.

ಲೈನಿಗೆ ಓಡಿ ಮೆಣಸು ಕೊಯ್ಯುವ ಏಣಿ ತರಿಸಬೇಕಾಯಿತು. ಏಣಿಯ ಹಿಂದೆ ಓನರೂ ಬಂದರು, ಓನರ ಹಿಂದೆ ಇಡೀ ಲೈನೇ ಬಂತು. ಓನರ್ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು, ರೈಟರ ಹೊಟ್ಟೆಯನ್ನು ನೋಡಿದರು, ಮತ್ತೆ ಮರ ನೋಡಿದರು.

"ಅಲ್ಲ ಮಾರಾಯ, ಆಫೀಸಿನ ಮೆಟ್ಟಿಲು ಹತ್ತೋಕೆ ಆಗೋದಿಲ್ಲ ಅಂತ ಮೇಜನ್ನು ಕೆಳಗೆ ಹಾಕಿಸಿಕೊಂಡವ ನೀನು. ಇದನ್ನು ಹೇಗೆ ಹತ್ತಿದೆ?"

ರೈಟರು ಮರವನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡರು.

"ನಾನು ಹತ್ತಿದ್ದಲ್ಲ ಸಾರ್, ಆನೆ ಹತ್ತಿಸಿದ್ದು," ಎಂದರು. "ಇಳಿಸೋಕೂ ಅದನ್ನೇ ಕರೀಬೇಡಿ, ಏಣಿ ಸಾಕು."